ಕಟ್ಟಿದ ಸೈನಸ್ಸಿಗೆ ಮನೆಮದ್ದು: ಗುಣ ಯಾವುದರಲ್ಲಿ, ಬರಿ ಹಿತ ಯಾವುದರಲ್ಲಿ

ಮುಖದೊಳಗಿನ ಟೊಳ್ಳುಗಳು

ಮೂಗಿನ ಆಸುಪಾಸಿನ ಮೂಳೆಗಳಲ್ಲಿ ಗಾಳಿ ತುಂಬಿದ ನಾಲ್ಕು ಜೊತೆ ಟೊಳ್ಳುಗಳಿವೆ: ಕೆನ್ನೆಯಲ್ಲಿ, ಹಣೆಯಲ್ಲಿ, ಕಣ್ಣುಗಳ ನಡುವೆ, ಮೂಗಿನ ಹಿಂದೆ ತಲೆಬುರುಡೆಯ ಆಳದಲ್ಲಿ. ಇವೇ ಸೈನಸ್‌ಗಳು. ಇವುಗಳ ಒಳಪೊರೆ ಸದಾ ತೆಳ್ಳನೆಯ ಲೋಳೆ ಒಸರುತ್ತಿರುತ್ತದೆ. ಸೂಕ್ಷ್ಮ ರೋಮಗಳು ಅದನ್ನು ಕಿರಿದಾದ ಕಂಡಿಗಳ ಮೂಲಕ ಮೂಗಿಗೆ ತಳ್ಳುತ್ತವೆ. ವಿಚಿತ್ರವೆಂದರೆ ಕೆನ್ನೆಯ ಸೈನಸ್ಸಿನ ಕಂಡಿ ಇರುವುದು ತಳದಲ್ಲಲ್ಲ, ಮೇಲ್ಭಾಗದಲ್ಲಿ. ಏರಿಯ ನೆತ್ತಿಯಲ್ಲಿ ತೂಬು ಇಟ್ಟ ಕೆರೆಯಂಥ ಕಟ್ಟಡ ಅದು. ನೆಗಡಿಗೋ ಅಲರ್ಜಿಗೋ ಪೊರೆ ಊದಿಕೊಂಡು ಕಂಡಿ ಮುಚ್ಚಿದರೆ ಲೋಳೆ ಒಳಗೇ ನಿಂತು ದಪ್ಪಗಾಗುತ್ತದೆ. ಹಣೆಭಾರ, ಕೆನ್ನೆಬಿಗಿತ, ಬಗ್ಗಿದಾಗಿನ ನೋವು ಶುರುವಾಗುವುದು ಆಗಲೇ.

ಹಾಗಾಗಿ ಯಾವ ಮನೆಮದ್ದಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಅದು ಲೋಳೆಯನ್ನು ನಿಜಕ್ಕೂ ಹರಿಸುತ್ತದೆಯೋ, ಮೂಗು ಬಿಟ್ಟಂತೆ ಅನ್ನಿಸುವ ಹಾಗೆ ಮಾಡುತ್ತದೆಯೋ?

ಉಪ್ಪುನೀರು

ಮೊದಲ ಸ್ಥಾನ ಇದಕ್ಕೇ. ಹಠಯೋಗ ಪ್ರದೀಪಿಕೆ ಹೇಳುವ ಆರು ಶುದ್ಧಿಕ್ರಿಯೆಗಳಲ್ಲಿ ನೇತಿ ಒಂದು. ಅಲ್ಲಿರುವುದು ದಾರದ ನೇತಿ. ಈಗ ಯೋಗ ತರಗತಿಗಳಲ್ಲಿ ಹೆಚ್ಚಾಗಿ ಕಲಿಸುವುದು ಜಲನೇತಿ, ಅಂದರೆ ಉಪ್ಪುನೀರಿನಿಂದ ಮೂಗು ತೊಳೆಯುವುದು. ಪದೇಪದೇ ಸೈನಸ್ ಕಾಟ ಇದ್ದವರ ಮೇಲೆ ಇಂಗ್ಲೆಂಡಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಉಪ್ಪುನೀರಿನಿಂದ ಮೂಗು ತೊಳೆದವರಿಗೆ ಒಂದಿಷ್ಟು ಗುಣ ಕಂಡಿತು. ಹಬೆ ತೆಗೆದುಕೊಂಡವರಿಗೆ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ.

ಕಾಲು ಲೀಟರ್ ನೀರನ್ನು ಮೂರ್ನಾಲ್ಕು ನಿಮಿಷ ಚೆನ್ನಾಗಿ ಮರಳಿಸಿ, ಉಗುರುಬೆಚ್ಚಗಾದ ಮೇಲೆ ಅರ್ಧ ಟೀ ಚಮಚಕ್ಕೆ ತುಸು ಕಡಿಮೆ ಉಪ್ಪು, ಚಿಟಿಕೆ ಅಡಿಗೆ ಸೋಡಾ ಕದಡಿ. ನಮ್ಮ ರಕ್ತದ ಉಪ್ಪಿನಂಶಕ್ಕೆ, ಅಂದರೆ ಶೇಕಡಾ 0.9ಕ್ಕೆ, ಇದು ಹತ್ತಿರ. ಉಪ್ಪಿಲ್ಲದ ನೀರು ಮೂಗಿಗೆ ಹೋದರೆ ಉರಿಯುವುದು ಈ ಅಂಶ ಹೊಂದದ ಕಾರಣಕ್ಕೆ. ಸಿಂಕಿನ ಮೇಲೆ ಬಗ್ಗಿ, ತಲೆ ಒಂದು ಬದಿಗೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತ ಮೇಲಿನ ಹೊಳ್ಳೆಗೆ ನೀರು ಬಿಟ್ಟರೆ ಕೆಳಗಿನದರಿಂದ ಇಳಿದು ಬರುತ್ತದೆ. ಆಮೇಲೆ ಮೆಲ್ಲಗೆ ಮೂಗು ಸೀಟಬೇಕು. ಬಲವಾಗಿ ಸೀಟಿದರೆ ಕಿವಿಗೆ ಒತ್ತಡ.

ನೀರು ಕುದಿಸುವುದನ್ನು ಮಾತ್ರ ಬಿಡುವಂತಿಲ್ಲ. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿನೀರಿನಿಂದ ಮೂಗು ತೊಳೆದುಕೊಂಡ ಇಬ್ಬರು ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಮಿದುಳಿಗೆ ಸೇರಿ ಸತ್ತರು. ಅಮೀಬಾ ಮಿದುಳಿಗೆ ಸೋಂಕು ತಗುಲಿಸಿದ ಪ್ರಕರಣಗಳು ಈಚಿನ ವರ್ಷಗಳಲ್ಲಿ ನೆರೆಯ ಕೇರಳದಲ್ಲೂ ವರದಿಯಾಗಿವೆ. ಅದೇ ನೀರನ್ನು ಕುಡಿದರೆ ಈ ಅಪಾಯವಿಲ್ಲ, ಮೂಗಿಗೆ ಏರಿದರೆ ಇದೆ.

ಹಬೆ ಮತ್ತು ಮುಲಾಮು

ಹೊದಿಕೆಯೊಳಗೆ ಕೂತು ಬೆವರುವುದರಿಂದ ಹಿತವಾಗುತ್ತದೆ, ಅಷ್ಟು ಮಾತ್ರ. ದೊಡ್ಡವರು ಬೇಕಿದ್ದರೆ ತೆಗೆದುಕೊಳ್ಳಲಿ. ಮಕ್ಕಳನ್ನು ಕುದಿನೀರಿನ ಪಾತ್ರೆಯ ಮುಂದೆ ಕೂರಿಸಬೇಡಿ. ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಡುವುದು ವೈದ್ಯರು ಮತ್ತೆಮತ್ತೆ ಕಾಣುವ ಅವಘಡ.

ವಿಕ್ಸ್, ಅಮೃತಾಂಜನಗಳ ಮೆಂಥಾಲ್ ಮೂಗಿನ ತಂಪು ಗ್ರಹಿಸುವ ನರಗಳನ್ನು ಕೆರಳಿಸುತ್ತದೆ. ಗಾಳಿ ಹೆಚ್ಚು ಬಂತು ಎಂದು ಮಿದುಳಿಗೆ ಅನ್ನಿಸುತ್ತದೆ, ಒಳಗಿನ ಊತ ಇದ್ದಲ್ಲೇ ಇರುತ್ತದೆ. ರಾತ್ರಿ ನಿದ್ದೆ ಬರಿಸಿದರೆ ಆ ಭ್ರಮೆಯೂ ಬೆಲೆಯುಳ್ಳದ್ದೇ. ಆದರೆ ಎರಡು ವರ್ಷದೊಳಗಿನ ಕೂಸಿಗೆ ಇವು ಬೇಡ. ಕರ್ಪೂರ, ನೀಲಗಿರಿ ಎಣ್ಣೆ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು.

ಕಷಾಯ, ಸಾರು, ಶಾಖ

ಶುಂಠಿ, ಮೆಣಸು, ಕೊತ್ತಂಬರಿ, ಜೀರಿಗೆಯ ಕಷಾಯವಾಗಲಿ, ದೊಡ್ಡಪತ್ರೆಯದಾಗಲಿ, ಕಾರದ ಮೆಣಸಿನ ಸಾರಾಗಲಿ, ದೇಹಕ್ಕೆ ನೀರು ಸೇರಿಸುತ್ತವೆ. 1978ರಲ್ಲಿ ಅಮೆರಿಕದ ಮಯಾಮಿಯಲ್ಲಿ ನಡೆದ ಪುಟ್ಟ ಅಧ್ಯಯನದಲ್ಲಿ ಬಿಸಿ ಕೋಳಿಸಾರು ಕುಡಿದವರ ಮೂಗಿನ ಲೋಳೆ, ತಣ್ಣೀರು ಕುಡಿದವರಿಗಿಂತ ವೇಗವಾಗಿ ಸಾಗಿತು. ಹಣೆ, ಕೆನ್ನೆಗೆ ಒದ್ದೆಬಟ್ಟೆಯ ಬಿಸಿ ಶಾಖ, ಮಲಗುವಾಗ ಇನ್ನೊಂದು ದಿಂಬು, ಇವೂ ಸರಿ.

ಬಿಡಬೇಕಾದವು

ಹೊಳ್ಳೆಗೆ ಬೆಳ್ಳುಳ್ಳಿ ಎಸಳು ತುರುಕುವ ವಿಡಿಯೊಗಳನ್ನು ನಂಬಬೇಡಿ. ತೆಗೆದ ಕೂಡಲೇ ಸುರಿಯುವುದು ಕೆರಳಿದ ಪೊರೆ ಸುರಿಸಿದ ಹೊಸ ನೀರು. ಎಳೆಮಗುವಿನ ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮೂಗು ಬಿಡಿಸುವ ಅಂಗಡಿ ಡ್ರಾಪ್ಸ್ ಕೂಡ ಮೂರರಿಂದ ಐದು ದಿನಕ್ಕೆ ನಿಲ್ಲಬೇಕು, ಇಲ್ಲವಾದರೆ ಅದಿಲ್ಲದೆ ಮೂಗೇ ಬಿಡದ ಸ್ಥಿತಿ ಬರುತ್ತದೆ.

ಸೈನಸ್ಸೇ ಹೌದೇ?

2004ರ ಒಂದು ಅಧ್ಯಯನದಲ್ಲಿ ತಮ್ಮದು ಸೈನಸ್ ತಲೆನೋವು ಎಂದುಕೊಂಡಿದ್ದ ಸುಮಾರು 3000 ಜನರಲ್ಲಿ ಶೇಕಡಾ 88 ಮಂದಿಗೆ ಇದ್ದದ್ದು ಮೈಗ್ರೇನ್ ಲಕ್ಷಣಗಳು. ಸಾಲುಸೀನು, ಕಣ್ಣುತುರಿಕೆ ಇದ್ದರೆ ಅಲರ್ಜಿ ಇರಬಹುದು. ನಮ್ಮ ಖಾಲಿ ಸೈಟುಗಳ ಕಾಂಗ್ರೆಸ್ ಗಿಡ ಅದಕ್ಕೆ ಒಂದು ಕಾರಣ. ಒಂದೇ ಬದಿಯ ಕೆನ್ನೆ ನೋಯುತ್ತಿದ್ದರೆ ಮೇಲಿನ ಹಲ್ಲಿನ ಬೇರನ್ನೂ ತೋರಿಸಿ.

ವೈದ್ಯರ ಬಳಿಗೆ

ಸೈನಸ್ ಉರಿಯೂತಗಳಲ್ಲಿ ಬಹುಪಾಲು ವೈರಸ್ಸಿನವು, ತಾವಾಗಿ ಇಳಿಯುತ್ತವೆ. ಸಿಂಬಳ ಹಸಿರಾದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ಆ ಬಣ್ಣ ಬಿಳಿ ರಕ್ತಕಣಗಳ ಕಿಣ್ವದ್ದು. ಹತ್ತು ದಿನವಾದರೂ ತಗ್ಗದಿದ್ದರೆ, ತಗ್ಗಿ ಮತ್ತೆ ಉಲ್ಬಣಿಸಿದರೆ ತೋರಿಸಿಕೊಳ್ಳಿ. ಕಣ್ಣಿನ ಸುತ್ತ ಊತ, ಎರಡೆರಡು ಕಾಣುವುದು, ಕತ್ತು ಬಿಗಿತ ಬಂದರೆ ತಡಮಾಡಬೇಡಿ. ಸಕ್ಕರೆ ಕಾಯಿಲೆಯವರಿಗೆ ಕೆನ್ನೆ ಮರಗಟ್ಟಿದರೆ, ಮೂಗಿನಿಂದ ಕಪ್ಪು ಸ್ರಾವ ಕಂಡರೆ ಅದು 2021ರ ಕೋವಿಡ್ ಅಲೆಯಲ್ಲಿ ಕರ್ನಾಟಕ ಕಂಡ ಕಪ್ಪು ಶಿಲೀಂಧ್ರ ಇರಬಹುದು; ಅಂದೇ ಕಿವಿ-ಮೂಗು-ಗಂಟಲು ತಜ್ಞರಿರುವ ಆಸ್ಪತ್ರೆಗೆ ಹೋಗಿ.