ಅರಳೆಯ ಊರಿನ ಜಲಮಾರ್ಗಗಳು

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಚರಿತ್ರೆಯನ್ನು ಅರಿಯಬೇಕೆನ್ನುವವರು ರಾಜಬೀದಿಗಳನ್ನು ಬಿಟ್ಟು ನೀರಿನ ಅಂಚನ್ನು ಹಿಡಿದು ನಡೆಯುವುದು ಲೇಸು. ಇರ್ವೆಲ್, ಮೆಡ್ಲಾಕ್, ಇರ್ಕ್ ಎಂಬ ಮೂರು ನದಿಗಳು ಅಲ್ಲಿ ಒಂದುಗೂಡುವುವು. ನದಿಗಳೆಂದು ಹೆಸರೇ ಹೊರತು, ತುಂಗಭದ್ರೆಯನ್ನು ಕಂಡವರಿಗೆ ಕಡೆಯ ಎರಡೂ ಹಳ್ಳಗಳೇ ಸರಿ.

ನಡಿಗೆಯನ್ನು ಕ್ಯಾಸಲ್‌ಫೀಲ್ಡ್ ಎಂಬಲ್ಲಿ ಆರಂಭಿಸುವುದು ವಾಡಿಕೆ. ಪೂರ್ವದಲ್ಲಿ ರೋಮನರ ಕೋಟೆಯಿದ್ದ ಸ್ಥಳವಿದು. ಬ್ರಿಜ್‌ವಾಟರಿನ ಡ್ಯೂಕನ ಕಾಲುವೆ ಇಲ್ಲಿಗೆ ಬಂದು ಮುಟ್ಟುತ್ತದೆ. ಡ್ಯೂಕನಿಗೆ ವರ್ಸ್ಲೆಯಲ್ಲಿ ಕಲ್ಲಿದ್ದಲಿನ ಗಣಿಗಳಿದ್ದುವು; ಕುದುರೆಗಳ ಬೆನ್ನಮೇಲೆ ಹೇರಿ ಪಟ್ಟಣಕ್ಕೆ ತರುವ ವೆಚ್ಚವು ವಿಪರೀತವಾಗಿದ್ದಿತು. 1759ರಲ್ಲಿ ಪಾರ್ಲಿಮೆಂಟಿನ ಅನುಮತಿಯನ್ನು ಪಡೆದು ಜೇಮ್ಸ್ ಬ್ರಿಂಡ್ಲಿ ಎಂಬ ಶಿಲ್ಪಿಯನ್ನು ನೇಮಿಸಿದನು. ಬ್ರಿಂಡ್ಲಿಗೆ ಓದುಬರಹ ಅಷ್ಟಕ್ಕಷ್ಟೆ. ಬುದ್ಧಿ ಮಾತ್ರ ಅಸಾಧಾರಣ. ಜೇಡಿಮಣ್ಣನ್ನು ನೀರಿನೊಡನೆ ಚೆನ್ನಾಗಿ ಕಲಸಿ ತುಳಿಸಿ ಕಾಲುವೆಯ ತಳಕ್ಕೆ ಮೆತ್ತಿಸಿ, ನೀರು ಇಂಗಿಹೋಗದಂತೆ ಮಾಡಿದನು. ಕೆರೆಯ ಏರಿ ಕಟ್ಟುವವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ. 1761ರ ಜುಲೈ ತಿಂಗಳಲ್ಲಿ ಬಾರ್ಟನ್ ಎಂಬಲ್ಲಿ ಕೆಳಗೆ ಇರ್ವೆಲ್ ಹರಿಯುತ್ತಿರಲು ಮೇಲೆ ಕಲ್ಲಿನ ಮೇಲ್ಗಾಲುವೆಯಲ್ಲಿ ದೋಣಿ ಸಾಗಿತು! ಪಟ್ಟಣದಲ್ಲಿ ಕಲ್ಲಿದ್ದಲಿನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಅಲ್ಲಿಂದ 1804ರಲ್ಲಿ ಪೂರ್ಣಗೊಂಡ ರಾಚ್‌ಡೇಲ್ ಕಾಲುವೆಯ ದಡವನ್ನು ಹಿಡಿದರೆ ಊರಿನ ನಡುವೆಯೇ ಒಂಬತ್ತು ಜಲದ್ವಾರಗಳು ಸಿಕ್ಕುವುವು. ಎರಡು ಕದಗಳ ನಡುವಣ ಕಲ್ಲಿನ ತೊಟ್ಟಿಯೊಳಕ್ಕೆ ದೋಣಿಯನ್ನು ಸೇರಿಸಿ, ಮೇಲಣ ನೀರನ್ನು ಬಿಟ್ಟರೆ ದೋಣಿಯು ತಾನಾಗಿ ಮೇಲೇರುವುದು. ಹೀಗೆ ಮೆಟ್ಟಲು ಮೆಟ್ಟಲಾಗಿ ಏರಿ ಆಂಕೋಟ್ಸನ್ನು ಸೇರಬಹುದು. ಮರ್ರೆ ಸಹೋದರರ ನೂಲಿನ ಗಿರಣಿಗಳು ಇಲ್ಲಿ ಇಂದಿಗೂ ನಿಂತಿವೆ. ಬೀದಿಯಡಿಯ ಸುರಂಗದ ಮೂಲಕ ದೋಣಿಗಳು ಗಿರಣಿಯ ಅಂಗಳದ ಕೊಳಕ್ಕೇ ಬರುತ್ತಿದ್ದುವು. ಈಗ ಆ ಕಟ್ಟಡಗಳು ವಾಸದ ಮನೆಗಳಾಗಿವೆ.

ಆದರೆ ಈ ಚೆಲುವನ್ನು ಕಂಡು ಮೈಮರೆಯಲಾಗದು. ಮೆಡ್ಲಾಕ್ ಬಳಸಿ ತಿರುಗುವಲ್ಲಿ 'ಲಿಟ್ಲ್ ಐರ್ಲೆಂಡ್' ಎಂಬ ಕೇರಿಯಿದ್ದಿತು. 1845ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಫ್ರೆಡರಿಕ್ ಏಂಗೆಲ್ಸನು ಅದನ್ನು ವರ್ಣಿಸಿರುವನು: ಸುಮಾರು ಇನ್ನೂರು ಗುಡಿಸಲುಮನೆಗಳಲ್ಲಿ ನಾಲ್ಕು ಸಾವಿರ ಜನ, ಸುತ್ತಲೂ ಗಿರಣಿಗಳ ಹೊಗೆ, ಬಾಗಿಲಲ್ಲಿ ಕೊಚ್ಚೆ. ಡ್ಯೂಕನ ಹೆಸರು ಕಾಲುವೆಗೆ ನಿಂತಿತು; ಅದನ್ನು ಅಗೆದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಈ ಊರಿನ ಹಸಿವಿಗೂ ಕನ್ನಡನಾಡಿಗೂ ನಂಟಿದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧವು ಮೊದಲಾಗಲು ಅರಳೆ ಬರುವುದು ನಿಂತು ಗಿರಣಿಗಳು ಮುಚ್ಚಿದುವು. ಕೂಲಿಕಾರರು ಉಪವಾಸ ಬಿದ್ದರು. ಭಾರತದ ಗಿಡ್ಡ ಎಳೆಯ ಅರಳೆಯನ್ನು ನೂಲುವವರು ಇಷ್ಟಪಡುತ್ತಿರಲಿಲ್ಲ. ಧಾರವಾಡದ ಎರೆಭೂಮಿಯಲ್ಲಿ ಅಮೆರಿಕದ ಬೀಜದಿಂದ ಬೆಳೆದ ಅರಳೆಗೆ ಮಾತ್ರ ಮೊದಲೇ ಮರ್ಯಾದೆಯಿದ್ದಿತು. ಅದನ್ನು ಘಟ್ಟವಿಳಿಸಿ ಹಡಗಿಗೆ ತುಂಬಲು ಕಾರವಾರದ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಸರ್ಕಾರವನ್ನು ಪೀಡಿಸುತ್ತಿದ್ದರು. ಧಾರವಾಡವು ಬೊಂಬಾಯಿಗೆ ಸೇರಿದ್ದಿತು, ಕಾರವಾರವು ಮದ್ರಾಸಿಗೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿಗೆ ಸೇರಿಸಿದರು. ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ಉಳಿಯಿತು. ಒಂದೇ ಕರಾವಳಿಯ ಬಂಧುಬಳಗವು ಎರಡು ಸರ್ಕಾರಗಳ ಪಾಲಾದುದರಲ್ಲಿ ಅರಳೆಯ ಕೈವಾಡ ಸಣ್ಣದಲ್ಲ.

1865ರಲ್ಲಿ ಯುದ್ಧ ಮುಗಿಯಿತು. ಅರಳೆಯ ಬೆಲೆ ಕುಸಿಯಿತು. ಕನ್ನಡ ಜಿಲ್ಲೆಗಳೆರಡೂ ಮತ್ತೆ ಒಂದೇ ರಾಜ್ಯದೊಳಕ್ಕೆ ಬಂದುದು 1956ರ ನವೆಂಬರ್ 1ರಂದು.