ತೊಗಲಿನ ಮೇಲೆ ಹೆಸರಿಲ್ಲ

ಬಳ್ಳಾರಿಯ ಬೆಳಗಲ್ಲು ವೀರಣ್ಣ 2023ರ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದು ನಮ್ಮ ಚಳ್ಳಕೆರೆ ತಾಲೂಕಿನಲ್ಲಿ, ರಸ್ತೆ ಅಪಘಾತದಲ್ಲಿ. ನಾಟಕದ ನಟ, ಹಾಡುಗಾರ; ಆಮೇಲೆ ತೊಗಲುಗೊಂಬೆ ಹಿಡಿದು ಗಾಂಧೀಜಿಯನ್ನೂ ಪರದೆ ಮೇಲೆ ತಂದವರು. ಪೇಪರುಗಳಲ್ಲೆಲ್ಲ ಅವರ ಹೆಸರು ಬಂತು, ಬರಬೇಕಾದ್ದೇ. ಆದರೆ ಅವರಿಗಿಂತ ಹಿಂದೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಊರೂರು ತಿರುಗಿ ಗೊಂಬೆ ಆಡಿಸಿದವರ ಹೆಸರು ಯಾರಿಗೆ ಗೊತ್ತು? ಆಟದಲ್ಲಿ ಬಂಗಾರಕ್ಕನ ಗಂಡನಾಗಿ ಬಂದು ನಗಿಸೋ ಗೊಂಬೆ ಸಿಳ್ಳೇಕ್ಯಾತ. ಜನ ಆಡಿಸೋರನ್ನೂ ಅದೇ ಹೆಸರಲ್ಲಿ ಕರೆದರು, ಅಷ್ಟೇ.

ಇವರ ಮನೆಮಾತು ಮರಾಠಿಯ ಒಂದು ಬಗೆ, ಪರದೆ ಹಿಂದೆ ಕನ್ನಡ. ಹಾಡೋರು, ಆಡಿಸೋರು, ಚಿತ್ರ ಬರೆಯೋರು ಎಲ್ಲ ಒಂದೇ ಮನೆಯವರು. ಆಡಿನದೋ ಜಿಂಕೆಯದೋ ತೊಗಲನ್ನ ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಬೇಕು. ಗೆರೆ ಎಳೆದು, ಸಣ್ಣ ಸಣ್ಣ ತೂತು ಕೊರೆದು, ಬಣ್ಣ ತುಂಬಬೇಕು. ಒಡವೆ ಹೊಳೆಯೋದು ಬಣ್ಣದಿಂದಲ್ಲ, ಆ ತೂತುಗಳಿಂದ. ಹಿಂದೆ ದೀಪ ಇಟ್ಟಾಗಲೇ ಅದು ಕಾಣೋದು. (ನಮ್ಮ ಆಫೀಸಲ್ಲಿ ಇಷ್ಟಕ್ಕೆ ನಾಲ್ಕು ಟೀಮು, ಎಂಟು ಮೀಟಿಂಗು.)

ರಂಗಸಜ್ಜಿಕೆಯೂ ತೊಗಲಲ್ಲೇ. ಕರ್ನಾಟಕದ ಹಳೇ ಗೊಂಬೆಗಳಲ್ಲಿ ಎಷ್ಟೋ ಬಿಡಿ ಪಾತ್ರಗಳಲ್ಲ, ಇಡೀ ದೃಶ್ಯಗಳು. ರಥ, ಕುದುರೆ, ಸಾರಥಿ, ವೀರ ಎಲ್ಲಾ ಒಂದೇ ತೊಗಲಿನಲ್ಲಿ. ದೇವರು, ರಾಜರು ದೊಡ್ಡ ಗಾತ್ರ, ಆಳುಕಾಳು ಚಿಕ್ಕದು. ಪರದೆ ಮೇಲೆ ಬಂದ ಕೂಡಲೇ ಯಾರು ಯಾರೆಂದು ತಿಳೀಬೇಕಲ್ಲ. ಈ ಆಟ ಆಡಿಸಿದರೆ ಮಳೆ ಬರುತ್ತೆ ಅನ್ನೋ ನಂಬಿಕೆಯೂ ಇತ್ತು. ನಮ್ಮಂಥ ಒಣಸೀಮೆಯಲ್ಲಿ ಅದು ಸಣ್ಣ ಮಾತಲ್ಲ.

ಆಟ ಕಮ್ಮಿಯಾದ ಮೇಲೆ ಗೊಂಬೆಗಳು ಬೇರೆ ದಾರಿ ಹಿಡಿದವು. ಕಲಾವಿದ ಎಂ.ಎಸ್. ನಂಜುಂಡರಾವ್ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ದೊಡ್ಡ ಸಂಗ್ರಹವನ್ನೇ ತಂದರು. ಇಲ್ಲದಿದ್ದರೆ ಎಷ್ಟೋ ಗೊಂಬೆ ಹುಳ ತಿಂದು ಹೋಗುತ್ತಿದ್ದವು. ಆದರೂ ಗೋಡೆಗೆ ಹಾಕಿದ ಗೊಂಬೆ ಬರೀ ಚಿತ್ರ. ಹಾಡಿಲ್ಲ, ಅಲುಗಾಟವಿಲ್ಲ, ಬರೆದವರ ಸಹಿಯಂತೂ ಮೊದಲಿಂದಲೂ ಇಲ್ಲ. ಆಂಧ್ರದ ಗಡಿಯಾಚೆ, ಧರ್ಮಾವರದ ಹತ್ತಿರದ ನಿಮ್ಮಲಕುಂಟೆಯಲ್ಲಿ ಇದೇ ಕಸುಬಿನ ಮನೆಗಳು ಈಗ ಲ್ಯಾಂಪ್‌ಶೇಡ್ ಮಾಡುತ್ತವೆ. ಹೊಟ್ಟೆಪಾಡಿಗೆ ದಾರಿಯಾಯ್ತು, ಕೈಕಸುಬು ಉಳೀತು. ನಾನದನ್ನ ತಪ್ಪು ಅನ್ನಲ್ಲ. ಆದರೆ ದೀಪದ ಮುಂದಿನ ಹನುಮಂತ ಲಂಕೆಗೆ ಹಾರೋದು ನಿಂತಿದೆ. ಆ ಊರಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು.

2025ರಲ್ಲಿ ಪದ್ಮಶ್ರೀ ಕೊಪ್ಪಳ ಜಿಲ್ಲೆಯ ಮೋರನಾಳದ ಅಜ್ಜಿಗೆ ಬಂತು. ವಯಸ್ಸು ತೊಂಬತ್ತು ದಾಟಿತ್ತು. ಪಟ್ಟಿಯಲ್ಲಿದ್ದ ಹೆಸರು ಭೀಮವ್ವ ದೊಡ್ಡಬಾಳಪ್ಪ ಸಿಳ್ಳೇಕ್ಯಾತರ.