ಲೆಕ್ಕದ ಹೊರಗುಳಿದ 3,649 ಅಂಕಗಳು: ಲಿನೆಟ್ ವುಡರ್ಡ್ ಅವರ ಕಾಲೇಜು ಬಾಸ್ಕೆಟ್‌ಬಾಲ್ ಮತ್ತು ದಾಖಲೆಯ ವಾರಸುದಾರಿಕೆ

ಪೀಠಿಕೆ

2024ರ ಫೆಬ್ರವರಿ 15ರಂದು ಅಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ ಮಿಷಿಗನ್ ತಂಡದ ವಿರುದ್ಧ ಆಡುತ್ತಾ ಕೆಲ್ಸಿ ಪ್ಲಮ್ ಅವರ 3,527 ಅಂಕಗಳನ್ನು ದಾಟಿದರು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಪುಸ್ತಕದ ಪ್ರಕಾರ ಮಹಿಳಾ ಬಾಸ್ಕೆಟ್‌ಬಾಲಿನ ಅತ್ಯಧಿಕ ಅಂಕಗಳ ದಾಖಲೆ ಅಂದು ಮುರಿಯಿತು. ಆದರೆ ಪ್ಲಮ್ ಅವರಿಗಿಂತ 122 ಅಂಕ ಹೆಚ್ಚು ಗಳಿಸಿದ್ದ ಆಟಗಾರ್ತಿಯೊಬ್ಬರು 1981ರಲ್ಲೇ ಕಾಲೇಜು ಮುಗಿಸಿದ್ದರು. ಅವರೇ ಕ್ಯಾನ್ಸಸ್ ವಿಶ್ವವಿದ್ಯಾಲಯದ ಲಿನೆಟ್ ವುಡರ್ಡ್. ಅವರ 3,649 ಅಂಕಗಳು ಆ ಪುಸ್ತಕದಲ್ಲಿ ಇರಲಿಲ್ಲ.

ಅವು ಏಕೆ ಇರಲಿಲ್ಲ ಎಂಬುದು ಈ ಲೇಖನದ ಪ್ರಶ್ನೆ. ವುಡರ್ಡ್ ಅವರ ಕಾಲೇಜು ವರ್ಷಗಳನ್ನು ಅಂಕಿಅಂಶಗಳ ಆಧಾರದಲ್ಲಿ ಮರುಕಟ್ಟಿ, ಆ ಅಂಕಗಳನ್ನು ಹೊರಗಿಡಲು ಮುಂದೊಡ್ಡಬಹುದಾದ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸುವುದು ಇಲ್ಲಿನ ಉದ್ದೇಶ. ಒಂದು ಆಟದ ಆಡಳಿತವನ್ನು ವಹಿಸಿಕೊಳ್ಳುವ ಸಂಸ್ಥೆ ಆ ಆಟದ ಹಿಂದಿನ ಲೆಕ್ಕಕ್ಕೂ ವಾರಸುದಾರನಾಗಬೇಕು ಎಂಬುದು ನನ್ನ ವಾದ.

ನಾಲ್ಕು ವರ್ಷಗಳ ಆಟ

ಲಿನೆಟ್ ವುಡರ್ಡ್ ಹುಟ್ಟಿದ್ದು 1959ರ ಆಗಸ್ಟ್ 12ರಂದು, ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ಪ್ರದರ್ಶನ ತಂಡದ ಹೆಸರಾಂತ ಆಟಗಾರ ಹ್ಯೂಬರ್ಟ್ ಆಸ್ಬಿ ಅವರ ಬಂಧು. ವಿಚಿಟಾ ನಾರ್ತ್ ಹೈಸ್ಕೂಲಿನಲ್ಲಿ ಆಡಿ ಹೆಸರು ಮಾಡಿದ ಮೇಲೆ, 1977ರಲ್ಲಿ ಲಾರೆನ್ಸ್ ಪಟ್ಟಣದಲ್ಲಿರುವ ಕ್ಯಾನ್ಸಸ್ ವಿಶ್ವವಿದ್ಯಾಲಯವನ್ನು ಸೇರಿದರು. ಬಾಸ್ಕೆಟ್‌ಬಾಲನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ಅವರೇ ಮೊದಲ ಕೋಚ್ ಆಗಿದ್ದ ವಿಶ್ವವಿದ್ಯಾಲಯವದು. ಮಹಿಳಾ ತಂಡವನ್ನು 1973ರಿಂದ ಕಟ್ಟುತ್ತಿದ್ದವರು ಮರಿಯನ್ ವಾಷಿಂಗ್ಟನ್. ಅಮೆರಿಕದ ರಾಷ್ಟ್ರೀಯ ತಂಡದಲ್ಲಿ ಆಡಿದ ಮೊದಲ ಕಪ್ಪು ಮಹಿಳೆಯರಲ್ಲಿ ಅವರೂ ಒಬ್ಬರು.

ವುಡರ್ಡ್ ಅವರ ಮೊದಲ ವರ್ಷದ ಗಳಿಕೆ 33 ಪಂದ್ಯಗಳಲ್ಲಿ 833 ಅಂಕ, 490 ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು). ಪಂದ್ಯಕ್ಕೆ ಸರಾಸರಿ 14.8 ರೀಬೌಂಡ್ ಪಡೆದ ಅವರು ಆ ವರ್ಷ ಇಡೀ ದೇಶಕ್ಕೆ ಮೊದಲಿಗರು. ಎರಡನೆಯ ವರ್ಷ 38 ಪಂದ್ಯಗಳಲ್ಲಿ 1,177 ಅಂಕ ಗಳಿಸಿದರು, ಅಂಕಗಳಲ್ಲೂ ದೇಶಕ್ಕೆ ಮೊದಲಿಗರಾದರು. ಮೂರನೆಯ ವರ್ಷ 881, ಕೊನೆಯ ವರ್ಷ 758. ಒಟ್ಟು 139 ಪಂದ್ಯ, 3,649 ಅಂಕ, 1,714 ರೀಬೌಂಡ್, ಸರಾಸರಿ 26.3 ಅಂಕ. ಒಬ್ಬ ಆಟಗಾರ್ತಿ ಅಂಕ ಗಳಿಸುವುದರಲ್ಲಿ ಮುಂದಿರಬಹುದು, ಇನ್ನೊಬ್ಬರು ಬುಟ್ಟಿಯ ಕೆಳಗಿನ ಸೆಣಸಾಟದಲ್ಲಿ ಮುಂದಿರಬಹುದು. ಎರಡರಲ್ಲೂ ರಾಷ್ಟ್ರಮಟ್ಟದ ಮೊದಲ ಸ್ಥಾನ ಪಡೆದದ್ದು ವುಡರ್ಡ್ ಅವರ ಹಿರಿಮೆ.

ಈ ಅಂಕಗಳು ಸೋಲುವ ತಂಡದಲ್ಲಿ ಒಬ್ಬರೇ ಗುಡ್ಡೆಹಾಕಿದವಲ್ಲ. ಆ ನಾಲ್ಕು ವರ್ಷಗಳಲ್ಲಿ ಕ್ಯಾನ್ಸಸ್ ತಂಡ 108 ಪಂದ್ಯ ಗೆದ್ದು 32ರಲ್ಲಿ ಸೋತಿತು. 1979, 1980 ಮತ್ತು 1981ರಲ್ಲಿ ಬಿಗ್ ಏಟ್ ಒಕ್ಕೂಟದ ಪಂದ್ಯಾವಳಿಯನ್ನು ಗೆದ್ದಿತು. ಮೂರು ಸಲವೂ ಶ್ರೇಷ್ಠ ಆಟಗಾರ್ತಿಯ ಗೌರವ ವುಡರ್ಡ್ ಅವರಿಗೇ ಸಂದಿತು. ನಾಲ್ಕೂ ವರ್ಷ ಅವರು ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದರು, 1981ರಲ್ಲಿ ವರ್ಷದ ಶ್ರೇಷ್ಠ ಕಾಲೇಜು ಆಟಗಾರ್ತಿಗೆ ಕೊಡುವ ವೇಡ್ ಟ್ರೋಫಿ ಪಡೆದರು. ಕ್ಯಾನ್ಸಸ್‌ನಲ್ಲಿ ಪುರುಷರ ಪೈಕಿ ಅತಿ ಹೆಚ್ಚು ಅಂಕ ಗಳಿಸಿದವರು ಡ್ಯಾನಿ ಮ್ಯಾನಿಂಗ್, 2,951. ವುಡರ್ಡ್ ಅವರಿಗಿಂತ ಸುಮಾರು 700 ಅಂಕ ಕಡಿಮೆ. ವುಡರ್ಡ್ ತೊಡುತ್ತಿದ್ದ 31ನೇ ಸಂಖ್ಯೆಯ ಜೆರ್ಸಿಯನ್ನು ವಿಶ್ವವಿದ್ಯಾಲಯ ಗೌರವಾರ್ಥ ನಿವೃತ್ತಿಗೊಳಿಸಿದೆ.

ಯಾವ ಸಂಸ್ಥೆಯ ಅಡಿಯಲ್ಲಿ?

ವುಡರ್ಡ್ ಆಡಿದ ಕಾಲದಲ್ಲಿ ಎನ್‌ಸಿಎಎ ಮಹಿಳೆಯರಿಗೆ ಚಾಂಪಿಯನ್‌ಷಿಪ್ ನಡೆಸುತ್ತಿರಲಿಲ್ಲ. ಆ ಕೆಲಸವನ್ನು ಹೊತ್ತದ್ದು 1971ರಲ್ಲಿ ಸ್ಥಾಪನೆಯಾದ ಎಐಎಡಬ್ಲ್ಯೂ, ಅಂದರೆ ಅಸೋಸಿಯೇಷನ್ ಫಾರ್ ಇಂಟರ್‌ಕಾಲೇಜಿಯೇಟ್ ಅಥ್ಲೆಟಿಕ್ಸ್ ಫಾರ್ ವಿಮೆನ್. ದೈಹಿಕ ಶಿಕ್ಷಣದ ಅಧ್ಯಾಪಕಿಯರು ಕಟ್ಟಿ ಬೆಳೆಸಿದ ಈ ಸಂಸ್ಥೆ 1972ರಲ್ಲಿ ಮೊದಲ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ನಡೆಸಿತು. ಅದೇ ವರ್ಷದ ಜೂನ್ 23ರಂದು ಟೈಟಲ್ ನೈನ್ ಜಾರಿಗೆ ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಲಿಂಗದ ಆಧಾರದಲ್ಲಿ ತಾರತಮ್ಯ ಮಾಡಬಾರದೆಂಬ ಕಾನೂನು ಅದು. ಹೆಣ್ಣುಮಕ್ಕಳ ಕ್ರೀಡೆಗೆ ಹಣವೂ ವಿದ್ಯಾರ್ಥಿವೇತನವೂ ಬರತೊಡಗಿದವು. ಎಐಎಡಬ್ಲ್ಯೂ ಸದಸ್ಯ ಕಾಲೇಜುಗಳ ಸಂಖ್ಯೆ 900 ದಾಟಿತು.

ಮಹಿಳಾ ಕ್ರೀಡೆ ಹೀಗೆ ಬೆಳೆದು ನಿಂತ ಮೇಲೆ ಎನ್‌ಸಿಎಎ ಮುಂದೆ ಬಂತು. ಮಹಿಳೆಯರಿಗೂ ಮೊದಲ ದರ್ಜೆಯ ಚಾಂಪಿಯನ್‌ಷಿಪ್ ನಡೆಸಲು 1981ರ ಜನವರಿಯಲ್ಲಿ ತೀರ್ಮಾನಿಸಿ, 1981–82ರಿಂದ ಆರಂಭಿಸಿತು. ಸದಸ್ಯರನ್ನೂ ದೂರದರ್ಶನ ಪ್ರಸಾರದ ಆದಾಯವನ್ನೂ ಕಳೆದುಕೊಂಡ ಎಐಎಡಬ್ಲ್ಯೂ 1982ರಲ್ಲಿ ತನ್ನ ಚಟುವಟಿಕೆ ನಿಲ್ಲಿಸಿತು. ನ್ಯಾಯಾಲಯದಲ್ಲೂ ಅದಕ್ಕೆ ಗೆಲುವು ಸಿಗಲಿಲ್ಲ. ಎನ್‌ಸಿಎಎ ಮಹಿಳಾ ಚಾಂಪಿಯನ್‌ಷಿಪ್ ಶುರುವಾಗುವ ಹೊತ್ತಿಗೆ ವುಡರ್ಡ್ ಪದವಿ ಪಡೆದಾಗಿತ್ತು. ಅವರ ನಾಲ್ಕೂ ವರ್ಷಗಳು ಗಡಿಯ ಆಚೆ ಉಳಿದವು. ಕಾಲೇಜು ಅದೇ, ಅಂಗಣ ಅದೇ, ಕೋಚ್ ಅವರೇ. ಬದಲಾದದ್ದು ಮೇಲಿನ ಆಡಳಿತ ಮಾತ್ರ.

ಮೂರು ಆಕ್ಷೇಪಗಳು

ಒಂದು ಸಂಸ್ಥೆ ಇನ್ನೊಂದು ಸಂಸ್ಥೆಯ ಲೆಕ್ಕಕ್ಕೆ ಹೊಣೆಯಲ್ಲ ಎಂಬುದು ಮೊದಲ ಆಕ್ಷೇಪ. ಕೋಚ್‌ಗಳ ವಿಷಯದಲ್ಲಿ ಈ ನಿಯಮ ಪಾಲನೆಯಾಗಿಲ್ಲ. ಟೆನೆಸ್ಸಿಯ ಪ್ಯಾಟ್ ಸಮ್ಮಿಟ್ ಅವರ 1,098 ಗೆಲುವುಗಳಲ್ಲಿ 1974ರಿಂದ ಎಐಎಡಬ್ಲ್ಯೂ ಕಾಲದಲ್ಲಿ ಗಳಿಸಿದವೂ ಸೇರಿವೆ. ಆ ಪಂದ್ಯಗಳ ಗೆಲುವು ಎಣಿಕೆಗೆ ಬರುವುದಾದರೆ, ಗೆಲುವು ತಂದುಕೊಟ್ಟ ಬುಟ್ಟಿಗಳು ಎಣಿಕೆಗೆ ಬಾರದಿರಲು ಕಾರಣವಿಲ್ಲ.

ಆ ಕಾಲದ ಸ್ಪರ್ಧೆ ಸಮಬಲದ್ದಾಗಿರಲಿಲ್ಲ ಎಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವಿದೆ, ಎಲ್ಲ ಕಾಲೇಜುಗಳಲ್ಲೂ ಮಹಿಳಾ ತಂಡಗಳಿಗೆ ಒಂದೇ ಮಟ್ಟದ ಸೌಲಭ್ಯ ಇರಲಿಲ್ಲ. ಆದರೆ ಪುರುಷರ ದಾಖಲೆಗೆ ಈ ಅಳತೆ ಹಿಡಿದವರಿಲ್ಲ. ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಪೀಟ್ ಮ್ಯಾರವಿಚ್ 1967ರಿಂದ 1970ರ ವರೆಗೆ ಮೂರು ವರ್ಷ, 83 ಪಂದ್ಯಗಳಲ್ಲಿ 3,667 ಅಂಕ ಗಳಿಸಿದರು. ಅವರು ಆಡಿದ ಆಗ್ನೇಯ ಒಕ್ಕೂಟದಲ್ಲಿ ಮೊದಲ ಕಪ್ಪು ಬಾಸ್ಕೆಟ್‌ಬಾಲ್ ಆಟಗಾರ, ವ್ಯಾಂಡರ್‌ಬಿಲ್ಟ್‌ನ ಪೆರಿ ವ್ಯಾಲೇಸ್, ಅಂಗಣಕ್ಕಿಳಿದದ್ದೇ 1967ರಲ್ಲಿ. ಬಹುಪಾಲು ತಂಡಗಳು ಕಪ್ಪು ಆಟಗಾರರನ್ನು ಇನ್ನೂ ಹೊರಗಿಟ್ಟಿದ್ದ ಕಾಲವದು. ಅಂಥ ಅಸಮಾನ ಅಂಗಣದಲ್ಲಿ ಗಳಿಸಿದ ಅಂಕಗಳು ಪುಸ್ತಕದಲ್ಲಿವೆ, ಇರಬೇಕಾದದ್ದೂ ಸರಿ. ವುಡರ್ಡ್ ಅವರಿಗೂ ಅದೇ ನ್ಯಾಯ ಸಲ್ಲಬೇಕು.

ನಿಯಮಗಳು ಬೇರೆಯಾಗಿದ್ದವು ಎಂಬುದು ಮೂರನೆಯ ಆಕ್ಷೇಪ. ಬೇರೆಯಾಗಿದ್ದುದು ನಿಜ, ಆದರೆ ವುಡರ್ಡ್ ಅವರಿಗೆ ಅದರಿಂದ ಅನುಕೂಲವಾಗಲಿಲ್ಲ. ಮಹಿಳೆಯರಿಗಾಗಿ ಸಣ್ಣ ಚೆಂಡು ಬಂದದ್ದು 1984–85ರಲ್ಲಿ. ಮೂರು ಅಂಕದ ಗೆರೆ ಕಾಲೇಜು ಮಹಿಳಾ ಆಟಕ್ಕೆ ಬಂದದ್ದು 1987–88ರಲ್ಲಿ. ವುಡರ್ಡ್ ಆಡಿದ್ದು ಪುರುಷರ ಚೆಂಡಿನಲ್ಲಿ, ಎಷ್ಟು ದೂರದಿಂದ ಎಸೆದರೂ ಎರಡೇ ಅಂಕ ಸಿಗುತ್ತಿದ್ದ ಕಾಲದಲ್ಲಿ. ಕ್ಲಾರ್ಕ್ ಕೂಡ 139 ಪಂದ್ಯಗಳನ್ನೇ ಆಡಿ 3,951 ಅಂಕ ಗಳಿಸಿದರು; ಅದರಲ್ಲಿ 548 ಎಸೆತಗಳು ಮೂರು ಅಂಕದವು. ಅವನ್ನು ಎರಡರಂತೆ ಎಣಿಸಿದರೆ ಮೊತ್ತ 3,403ಕ್ಕೆ ಇಳಿಯುತ್ತದೆ. ಇದರಿಂದ ಕ್ಲಾರ್ಕ್ ಕಡಿಮೆ ಎಂದು ಸಾಧಿಸಲು ಹೊರಟರೆ ತಪ್ಪಾಗುತ್ತದೆ. ಗೆರೆ ಇಲ್ಲದಿದ್ದರೆ ಅವರು ಆಡುವ ಬಗೆಯೇ ಬೇರೆಯಾಗಿರುತ್ತಿತ್ತು. ಈ ಲೆಕ್ಕ ತೋರಿಸುವುದು ಇಷ್ಟನ್ನೇ: ನಿಯಮಗಳ ವ್ಯತ್ಯಾಸವನ್ನು ಮುಂದೊಡ್ಡಿ ವುಡರ್ಡ್ ಅವರ ಸಾಧನೆಯನ್ನು ಕುಗ್ಗಿಸಲು ಬರುವುದಿಲ್ಲ.

ಕಾಲೇಜಿನ ನಂತರ

ಹೊರಗುಳಿಯುವಿಕೆ ಪುಸ್ತಕಕ್ಕೆ ಸೀಮಿತವಾಗಿರಲಿಲ್ಲ. 1980ರ ಒಲಿಂಪಿಕ್ ತಂಡಕ್ಕೆ ವುಡರ್ಡ್ ಆಯ್ಕೆಯಾಗಿದ್ದರು. ಅಮೆರಿಕ ಮಾಸ್ಕೋ ಕ್ರೀಡಾಕೂಟವನ್ನು ಬಹಿಷ್ಕರಿಸಿದ್ದರಿಂದ ಆಡಲಾಗಲಿಲ್ಲ. ಅವರು ಪದವಿ ಪಡೆದ ವರ್ಷವೇ ದೇಶದ ಮಹಿಳಾ ವೃತ್ತಿಪರ ಲೀಗ್ ಮುಚ್ಚಿಹೋಯಿತು. ಆಟ ಮುಂದುವರಿಸಲು ಇಟಲಿಗೆ ಹೋಗಬೇಕಾಯಿತು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದ ತಂಡಕ್ಕೆ ಅವರೇ ನಾಯಕಿ, ಕೋಚ್ ಪ್ಯಾಟ್ ಸಮ್ಮಿಟ್. 1985ರಲ್ಲಿ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಸೇರಿದ ಮೊದಲ ಮಹಿಳೆಯಾದರು. ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯೂಎನ್‌ಬಿಎ ಆರಂಭವಾದ 1997ರಲ್ಲಿ ಅವರ ವಯಸ್ಸು ಮೂವತ್ತೇಳು ದಾಟಿತ್ತು. ಆದರೂ ಕ್ಲೀವ್‌ಲ್ಯಾಂಡ್ ಪರ, ಮರುವರ್ಷ ಡೆಟ್ರಾಯಿಟ್ ಪರ ಆಡಿದರು. 2004ರಲ್ಲಿ ನೈಸ್ಮಿತ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ದೇಹಶಕ್ತಿ ಉತ್ತುಂಗದಲ್ಲಿದ್ದಾಗ ಅವರಿಗೆ ತಮ್ಮ ದೇಶದಲ್ಲಿ ದಕ್ಕಿದ ಅಖಂಡ ವೇದಿಕೆ ಎಂದರೆ ಕಾಲೇಜಿನ ನಾಲ್ಕು ವರ್ಷ ಮಾತ್ರ. ಅದನ್ನೇ ಲೆಕ್ಕದಿಂದ ಬಿಟ್ಟರೆ ಅವರ ಬಾಳಿನ ಆಟದ ಮುಖ್ಯ ಭಾಗವೇ ಅಳಿಸಿಹೋಗುತ್ತದೆ.

ಹತ್ತಿರದ ಒಂದು ಮಾದರಿ

ಆಡಳಿತ ಕೈಬದಲಾದಾಗ ಹಳೆಯ ಲೆಕ್ಕ ಉಳಿದ ಉದಾಹರಣೆ ಕನ್ನಡಿಗರಿಗೆ ಹತ್ತಿರದಲ್ಲೇ ಇದೆ. 1976ರಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದಾಗ ನಾಯಕಿ ನಮ್ಮ ಶಾಂತಾ ರಂಗಸ್ವಾಮಿ. 1977ರಲ್ಲಿ ನ್ಯೂಜಿಲೆಂಡ್‌ನ ಡ್ಯುನೆಡಿನ್‌ನಲ್ಲಿ ಅವರು ಗಳಿಸಿದ 108 ರನ್ ಭಾರತೀಯ ಮಹಿಳೆಯ ಮೊದಲ ಟೆಸ್ಟ್ ಶತಕ. ಆಗ ದೇಶದ ಮಹಿಳಾ ಕ್ರಿಕೆಟ್ಟನ್ನು ನಡೆಸುತ್ತಿದ್ದುದು ಪ್ರತ್ಯೇಕ ಸಂಘ. ಬಿಸಿಸಿಐ ಅದನ್ನು ವಹಿಸಿಕೊಂಡದ್ದು 2006ರಲ್ಲಿ. ಅಂತರರಾಷ್ಟ್ರೀಯ ಮಟ್ಟದಲ್ಲೂ ಮಹಿಳಾ ಕ್ರಿಕೆಟ್ 2005ರಲ್ಲಿ ಐಸಿಸಿ ಆಡಳಿತಕ್ಕೆ ಸೇರಿತು. ಎರಡೂ ಕಡೆ ಆಡಳಿತ ಬದಲಾಯಿತು, ಟೆಸ್ಟ್ ದಾಖಲೆಗಳು ಹಾಗೆಯೇ ಉಳಿದವು. ಶಾಂತಾ ಅವರ ಶತಕ ಇಂದಿಗೂ ಮೊದಲ ಶತಕವೇ. ಎನ್‌ಸಿಎಎ ಎದುರಿಸಿದ್ದು ಪರಿಹಾರವಿಲ್ಲದ ತೊಡಕೇನಲ್ಲ ಎಂಬುದಕ್ಕೆ ಇದು ಪುರಾವೆ.

ಉಪಸಂಹಾರ

2024ರ ಫೆಬ್ರವರಿ 28ರಂದು ಮಿನೆಸೋಟದಲ್ಲಿ ಕ್ಲಾರ್ಕ್ ಅವರ ಮೊತ್ತ 3,650ಕ್ಕೆ ಮುಟ್ಟಿತು, ವುಡರ್ಡ್ ಅವರಿಗಿಂತ ಒಂದು ಅಂಕ ಹೆಚ್ಚು. ನಿಜವಾದ ದಾಖಲೆ ಅದೇ ಎಂದು ಅಯೋವಾದ ಕೋಚ್ ಲಿಸಾ ಬ್ಲೂಡರ್ ಬಹಿರಂಗವಾಗಿ ಹೇಳಿದರು. ಮಾರ್ಚ್ 3ರಂದು ಕ್ಲಾರ್ಕ್ ಮ್ಯಾರವಿಚ್ ಅವರನ್ನೂ ದಾಟಿದರು. ಚಿಕ್ಕ ಕಾಲೇಜುಗಳ ಪೈಕಿ ಫ್ರಾನ್ಸಿಸ್ ಮೇರಿಯನ್ ಕಾಲೇಜಿನ ಪರ್ಲ್ ಮೂರ್ 1979ರ ಹೊತ್ತಿಗೇ 4,061 ಅಂಕ ಗಳಿಸಿದ್ದರು. ಎಐಎಡಬ್ಲ್ಯೂ ಕಾಲದ ಅವರ ಸಾಧನೆಗೂ ಇದೇ ವಾದ ಅನ್ವಯಿಸುತ್ತದೆ.

ಆದ್ದರಿಂದ ಈ ಅಧ್ಯಯನದ ನಿರ್ಣಯ ಸ್ಪಷ್ಟ. ಅಮೆರಿಕದ ದೊಡ್ಡ ಕಾಲೇಜುಗಳ ಮಹಿಳಾ ಬಾಸ್ಕೆಟ್‌ಬಾಲಿನಲ್ಲಿ ಅತ್ಯಧಿಕ ಅಂಕಗಳ ದಾಖಲೆ 1981ರಿಂದ 2024ರ ಫೆಬ್ರವರಿ 28ರ ವರೆಗೆ, ಹೆಚ್ಚುಕಡಿಮೆ 43 ವರ್ಷ, ಲಿನೆಟ್ ವುಡರ್ಡ್ ಅವರದಾಗಿತ್ತು. ಆಟದ ಚರಿತ್ರೆ ಬರೆಯುವವರು ಎನ್‌ಸಿಎಎ ಪುಸ್ತಕ ಆರಂಭವಾಗುವ ವರ್ಷವನ್ನು ಮಹಿಳೆಯರ ಆಟ ಆರಂಭವಾದ ವರ್ಷವೆಂದು ಎಣಿಸಬಾರದು.